ಗಂಟೆ ಎಷ್ಟಾಯ್ತಮ್ಮ?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಸಂಜೆ ನಾನೊಂದು ಹರಕೆ ಹೊತ್ತೆ. ಈಸ್ಟರ್‌ವರೆಗೆ ದಿನಾ ಬೆಳಿಗ್ಗೆ 5ಕ್ಕೆ ಎದ್ದು ಅರ್ಧ ಗಂಟೆ ಪ್ರಾರ್ಥನೆ ಮಾಡಬೇಕು. ಫೋನ್ ಮುಟ್ಟಬಾರದು, ಅಡುಗೆಮನೆ ಕಡೆ ತಲೆ ಹಾಕಬಾರದು. ಮಾರ್ಕನ ಶುಭಸಂದೇಶವನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಬೇಕು. ಯೇಸುವಿನ ಜೀವನ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ ಅಷ್ಟೇ.

ಹಣೆಯ ಮೇಲೆ ಬೂದಿ ಇರುವಾಗ ಧೈರ್ಯ ಸ್ವಲ್ಪ ಜಾಸ್ತಿಯೇ ಇರುತ್ತದೆ. ಹೋದ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರ ಖುಷಿಯಿಂದ ಎತ್ತಿ ಹಿಡಿದಿದ್ದ ತಾಳೆ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ ಅನ್ನುವ ಬೈಬಲಿನ ಆದಿಕಾಂಡದ ಮಾತು ಹೇಳಿ ಚರ್ಚಿನ ಗುರುಗಳು ಹಚ್ಚಿದರು. ಮನೆಗೆ ಬಂದವಳೇ ಕ್ಯಾಲೆಂಡರ್ ಹಿಡಿದು ದಿನ ಎಣಿಸಿದೆ. 46 ಬಂತು. ತಪಸ್ಸುಕಾಲ 40 ದಿನ ಅಲ್ವಾ ಅಂತ ಇನ್ನೊಂದು ಸಲ ಎಣಿಸಿದೆ. ಭಾನುವಾರ ಬಿಟ್ಟರೆ 40. ಪ್ರತಿ ಭಾನುವಾರವೂ ಒಂದು ಪುಟ್ಟ ಈಸ್ಟರ್, ಹಾಗಾಗಿ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಸರಿ, ಭಾನುವಾರ ಮಲಗಬಹುದು ಅಂದುಕೊಂಡೆ. ಹರಕೆ ಶುರುವಾಗುವ ಮುಂಚೆಯೇ ಆರು ದಿನ ರಿಯಾಯಿತಿ!

ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಮೇಣದಬತ್ತಿ ಹಚ್ಚಿ, ಪುಸ್ತಕ ಬಿಚ್ಚಿ, ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದೆ. ಕೈ ಇನ್ನೂ ಎಡ ಭುಜದ ಹತ್ತಿರ ಇತ್ತು. ಪಕ್ಕದ ಕೋಣೆಯಿಂದ ಅತ್ತೆಯ ದನಿ.

"ಗಂಟೆ ಎಷ್ಟಾಯ್ತಮ್ಮ?"

ಅತ್ತೆಗೆ ನೆನಪು ಹೋಗುತ್ತಿದೆ. ಹಾಸಿಗೆಯ ಎದುರಿಗೇ ದೊಡ್ಡ ಗಡಿಯಾರ ಇದೆ. ಅದು ಅವರಿಗೆ ಕಾಣುತ್ತದೆ. ಎರಡು ಮುಳ್ಳು ಇರುವುದೂ ಗೊತ್ತು. ಅವೆರಡೂ ಸೇರಿ ಏನು ಹೇಳುತ್ತಿವೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ದೊಡ್ಡ ಅಂಕಿ ತೋರಿಸುವ ಗಡಿಯಾರ ತಂದಿಟ್ಟೆವು, ಅದೂ ಪ್ರಯೋಜನವಾಗಲಿಲ್ಲ. ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳಿದರೆ "ಓ, ಅಷ್ಟಾಯ್ತಾ" ಅಂತಾರೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಕೆಲವೊಮ್ಮೆ ಅದರ ಹಿಂದೆಯೇ "ಅವನು ಎದ್ದನಾ?" ಅಂತಲೂ ಕೇಳುತ್ತಾರೆ. ಅವನು ಅಂದರೆ ಮಗ, ನನ್ನ ಗಂಡ. ಅವರಿಗೆ ಬೆಳಗಿನ ಪಾಳಿ ಇದ್ದ ಕಾಲದಲ್ಲಿ ಅತ್ತೆಯೇ ಎಬ್ಬಿಸುತ್ತಿದ್ದರಂತೆ. ಆ ಜವಾಬ್ದಾರಿ ಇನ್ನೂ ಅವರ ಒಳಗೆ ಕೂತಿದೆ.

ಹೋಗಿ ಹೇಳಿ ಬಂದೆ. ಓದಲು ಶುರು ಮಾಡಿದೆ. ಮತ್ತೆ ಕರೆದರು. ನಾಲ್ಕನೇ ದಿನವೂ ಅಷ್ಟೇ, ಐದನೇ ದಿನವೂ ಅಷ್ಟೇ. ಮೊದಲು ಸಮಾಧಾನದಿಂದ ಎದ್ದು ಹೋಗುತ್ತಿದ್ದವಳು ಆಮೇಲೆ ಕೂತಲ್ಲಿಂದಲೇ ಕೂಗಿ ಹೇಳತೊಡಗಿದೆ. ಒಂಬತ್ತನೇ ದಿನ ಅದೂ ಆಗಲಿಲ್ಲ. "ಅತ್ತೆ, ಪ್ರಾರ್ಥನೆ ಮಾಡ್ತಾ ಇದ್ದೀನಿ, ಸ್ವಲ್ಪ ಹೊತ್ತು ಸುಮ್ನಿರ್ತೀರಾ!" ಅಂದುಬಿಟ್ಟೆ. ದನಿ ನನಗೇ ಕೇಳಿಸಿತು. ಅವರು ಸುಮ್ಮನಾದರು. ಬೇಕಾಗಿದ್ದ ಮೌನ ಸಿಕ್ಕಿತು. ಅದರಲ್ಲಿ ಒಂದು ಸಾಲೂ ಪ್ರಾರ್ಥಿಸಲಾಗಲಿಲ್ಲ. ಮೇಣ ಕರಗಿ ತಟ್ಟೆಗೆ ಇಳಿಯುವುದನ್ನು ನೋಡುತ್ತಾ ಕೂತೆ.

ಆ ದಿನ ಓದಬೇಕಿದ್ದದ್ದು 5ನೇ ಅಧ್ಯಾಯ. ಓದಿದ್ದು ರಾತ್ರಿ, ಪಾತ್ರೆ ತೊಳೆದ ಮೇಲೆ.

ಯಾಯಿರ ಅಂತ ಒಬ್ಬ. ಯೆಹೂದ್ಯರ ಸಭಾಮಂದಿರದ ಮುಖಂಡ. ಅವನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಅವನು ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಯೇಸು ಹೊರಡುತ್ತಾರೆ. ಇದಕ್ಕಿಂತ ಅರ್ಜೆಂಟ್ ಕೆಲಸ ಬೇರೆ ಇರುತ್ತದಾ? ದಾರಿ ತುಂಬಾ ಜನ, ನೂಕುನುಗ್ಗಲು. ಆ ಗುಂಪಿನಲ್ಲಿ 12 ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸೊಬ್ಬಳು ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟುತ್ತಾಳೆ. ವೈದ್ಯರಿಗೆ ಇದ್ದಬದ್ದದ್ದೆಲ್ಲ ಸುರಿದು ಕೈ ಖಾಲಿ ಮಾಡಿಕೊಂಡವಳು. ಮುಟ್ಟಿದ ತಕ್ಷಣ ವಾಸಿಯಾಯಿತು. ಅಲ್ಲಿಗೆ ಮುಗಿಯಬಹುದಿತ್ತು. ಅವಳಿಗೆ ಬೇಕಾದದ್ದು ಸಿಕ್ಕಿದೆ, ಯಾರಿಗೂ ಗೊತ್ತಾಗಿಲ್ಲ, ನಡೆಯುತ್ತಾ ಹೋಗಬಹುದು.

ಆದರೆ ಯೇಸು ನಿಂತುಬಿಡುತ್ತಾರೆ. ನನ್ನ ಬಟ್ಟೆ ಮುಟ್ಟಿದ್ದು ಯಾರು ಅಂತ ಕೇಳುತ್ತಾರೆ. ಇಷ್ಟು ಜನ ಮೈಮೇಲೆ ಬೀಳುತ್ತಿರುವಾಗ ಯಾರು ಮುಟ್ಟಿದ್ದು ಅಂದರೆ ಏನು ಹೇಳೋಣ ಅಂತಾರೆ ಶಿಷ್ಯರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಯೇಸು ಮಾತ್ರ ಸುತ್ತ ನೋಡುತ್ತಲೇ ಇರುತ್ತಾರೆ. ಆಕೆ ನಡುಗುತ್ತಾ ಬಂದು ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. 12 ವರ್ಷದ ಕಥೆ, ಎಷ್ಟು ಹೊತ್ತು ಹಿಡಿದಿರಬೇಡ.

ಈ ಕಥೆಯ ಮೇಲೆ ಪ್ರಸಂಗ ಎಷ್ಟೋ ಕೇಳಿದ್ದೇನೆ. ಎಲ್ಲವೂ ಆ ಹೆಂಗಸಿನ ನಂಬಿಕೆಯ ಬಗ್ಗೆ. ಆ ರಾತ್ರಿ ನನ್ನ ಕಣ್ಣು ಯಾಯಿರನ ಮೇಲೆಯೇ ನೆಟ್ಟಿತು. ಪಕ್ಕದಲ್ಲೇ ನಿಂತಿದ್ದಾನಲ್ಲ, ಪಾಪ. ಒಂದೊಂದು ನಿಮಿಷವೂ ಮಗಳ ಉಸಿರು. ಅವನು ಒಂದು ಮಾತೂ ಆಡಿದ್ದಾಗಿ ಮಾರ್ಕ ಬರೆದಿಲ್ಲ. ಅವನ ಎದುರಿಗೇ ಯೇಸು ಆ ಅಪರಿಚಿತಳನ್ನು ಕರೆದದ್ದು ಏನೆಂದು? "ಮಗಳೇ" ಅಂತ. ತನ್ನ ಮಗಳಿಗಾಗಿ ಕಾಯುತ್ತಿರುವ ಅಪ್ಪನ ಕಿವಿಗೆ ಆ ಪದ ಹೇಗೆ ಬಿದ್ದಿರಬಹುದು? ಆ ಮಾತು ಇನ್ನೂ ಮುಗಿದಿಲ್ಲ, ಅಷ್ಟರಲ್ಲಿ ಮನೆಯಿಂದ ಜನ ಬರುತ್ತಾರೆ. ನಿನ್ನ ಮಗಳು ತೀರಿಕೊಂಡಳು, ಗುರುವಿಗೆ ಇನ್ನೇಕೆ ತೊಂದರೆ ಅಂತಾರೆ.

ಮುಂದಿನದು ಎಲ್ಲರಿಗೂ ಗೊತ್ತು. "ತಲಿಥಾ ಕೂಮ್" ಅಂದರು ಯೇಸು, ಅಂದರೆ ಹುಡುಗಿ, ಎದ್ದೇಳು ಅಂತ. ಹುಡುಗಿ ಎದ್ದಳು. ಅವಳಿಗೂ 12 ವರ್ಷ. ಆಮೇಲೆ ಯೇಸು ಹೇಳುವ ಕೊನೆಯ ಮಾತು ನನಗೆ ತುಂಬಾ ಇಷ್ಟ: ಇವಳಿಗೆ ತಿನ್ನಲು ಏನಾದರೂ ಕೊಡಿ. ಸತ್ತವಳನ್ನು ಎಬ್ಬಿಸಿದ ಗಲಾಟೆಯಲ್ಲಿ ಹುಡುಗಿಗೆ ಹಸಿವಾಗಿರುತ್ತದೆ ಅಂತ ಹೊಳೆದದ್ದು ಅವರೊಬ್ಬರಿಗೇ.

ನಾನು ಯಾಯಿರನ ಪಕ್ಷದವಳು. ನಡುವೆ ಬಂದವರು ನನ್ನ ಸಮಯ ತಿನ್ನುತ್ತಿದ್ದಾರೆ ಅನ್ನುವವಳು. ಈ ಹೆಂಗಸು ಸ್ವಲ್ಪ ಆಚೆ ಸರಿದರೆ ದೇವರು ನನ್ನ ಜೊತೆ ಮುಂದೆ ನಡೆಯುತ್ತಾರೆ ಅಂತ ಒಂಬತ್ತು ದಿನ ಕಾದಿದ್ದೆ. ಅವರು ಅವಳ ಹತ್ತಿರವೇ ನಿಂತುಬಿಟ್ಟಿದ್ದರು. ಅಲ್ಲಿಗೆ ನಾನೂ ಹೋಗಿ ನಿಲ್ಲಬಹುದು ಅಂತ ಹೊಳೆದೇ ಇರಲಿಲ್ಲ.

ಮಾರನೆಯ ದಿನ ಅಲಾರಂ ತೆಗೆದುಹಾಕಿದೆ. ಹೊಸ ಲೆಕ್ಕ ಹೀಗೆ: ಅತ್ತೆ ಗಂಟೆ ಕೇಳಿದಾಗ ಹೋಗಿ ಹೇಳುವುದು. ಹೇಳಿ ಅಲ್ಲೇ ನಿಂತು ಮಾತೆ ಮರಿಯಳಿಗೆ ಒಂದು ಪುಟ್ಟ ಪ್ರಾರ್ಥನೆ, ನಮೋ ಮರಿಯಾ. ಅಷ್ಟೇ.

ನಮ್ಮ ಭಾಷೆಯಲ್ಲಿ ಹೊತ್ತಿಗೂ ಗಂಟೆ, ಬಾರಿಸುವುದಕ್ಕೂ ಗಂಟೆ. ಇದು ಯಾವತ್ತೂ ನನ್ನ ತಲೆಗೆ ಹೋಗಿರಲಿಲ್ಲ. ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ದಿನಕ್ಕೆ ಮೂರು ಸಲ ಚರ್ಚಿನ ಗಂಟೆ ಹೊಡೆದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಆಂಜೆಲುಸ್, ಅಂದರೆ ದೇವದೂತ ಮರಿಯಳಿಗೆ ತಂದ ಸುದ್ದಿಯನ್ನು ನೆನೆಯುವ ಪ್ರಾರ್ಥನೆ, ಹೇಳುವ ಪದ್ಧತಿ ತುಂಬಾ ಹಳೆಯದು. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಿಂದ 1859ರ ಹೊತ್ತಿನಲ್ಲಿ ಅದನ್ನೇ ಬರೆದಿದ್ದಾನೆ. ಆಲೂಗಡ್ಡೆ ಹೊಲ. ಗಂಡ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಹೆಂಡತಿ ತಲೆ ಬಗ್ಗಿಸಿದ್ದಾಳೆ. ದೂರದಲ್ಲಿ ಚರ್ಚಿನ ಗೋಪುರ. ಅಗೆಯುವ ಕವಲುಗೋಲು ನೆಲಕ್ಕೆ ನೆಟ್ಟ ಹಾಗೇ ನಿಂತಿದೆ. ಕೆಲಸ ಮುಗಿದಿಲ್ಲ, ಬುಟ್ಟಿ ತುಂಬಿಲ್ಲ. ಹೊಲದಲ್ಲಿ ದುಡಿಯುವಾಗ ಗಂಟೆ ಕೇಳಿಸಿದರೆ ತನ್ನ ಅಜ್ಜಿ ಎಲ್ಲರನ್ನೂ ನಿಲ್ಲಿಸಿ ಸತ್ತವರಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದಳು, ಆ ನೆನಪಿನಿಂದ ಬಂದದ್ದು ಈ ಚಿತ್ರ ಅಂತ ಅವನೇ ಹೇಳಿಕೊಂಡಿದ್ದಾನೆ.

ಅದಕ್ಕೂ ಹಳೆಯದು ಇನ್ನೊಂದಿದೆ. 5ನೇ ಶತಮಾನದಲ್ಲಿ ಜಾನ್ ಕಾಸಿಯನ್ ಅನ್ನುವ ಸನ್ಯಾಸಿ ಈಜಿಪ್ಟಿನ ಸನ್ಯಾಸಿಗಳ ಬಗ್ಗೆ ಬರೆದದ್ದು. ಪ್ರಾರ್ಥನೆಗೋ ಇನ್ಯಾವುದೋ ಕೆಲಸಕ್ಕೋ ಕರೆಯಲು ಯಾರಾದರೂ ಬಾಗಿಲು ತಟ್ಟಿದರೆ ಅವರು ತಕ್ಷಣ ಎದ್ದುಬಿಡುತ್ತಿದ್ದರಂತೆ. ಪುಸ್ತಕ ನಕಲು ಮಾಡುತ್ತಿದ್ದವನು ಶುರು ಮಾಡಿದ ಅಕ್ಷರವನ್ನೂ ಪೂರ್ತಿ ಮಾಡುತ್ತಿರಲಿಲ್ಲವಂತೆ. ತಲೆಕಟ್ಟು ಎಳೆಯದೆ, ಒತ್ತು ಕೊಡದೆ ಎದ್ದು ಹೋದ ಹಾಗೆ. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು. ಇಮೇಲ್‌ನಲ್ಲಿ ಅರ್ಧ ಪದ ಬಿಟ್ಟು ಎದ್ದು ಹೋಗುವುದು ಎಷ್ಟು ಕಷ್ಟ ಅಂತ ಆಗಲೇ ಗೊತ್ತಾದದ್ದು. ಇದೊಂದು ಸಾಲು ಮುಗಿಸಿಬಿಡೋಣ ಅನಿಸುತ್ತದೆ. ಆ ಒಂದು ಸಾಲು ಯಾವತ್ತೂ ಒಂದೇ ಆಗಿರುವುದಿಲ್ಲ.

ಅತ್ತೆಗೆ ಮೊಮ್ಮಗನ ಹೆಸರು ತಪ್ಪುತ್ತದೆ. ನನ್ನ ಹೆಸರು ಆಗಾಗ ಸಿಗುವುದಿಲ್ಲ. "ನಮೋ ಮರಿಯಾ" ಅಂತ ನಾನು ಶುರು ಮಾಡಿದರೆ ಮಾತ್ರ ಉಳಿದದ್ದು ತಾನಾಗೇ ಹರಿದು ಬರುತ್ತದೆ, ನನಗಿಂತ ಬೇಗ. ಕಣ್ಣು ಮುಚ್ಚಿ, ಹೊದಿಕೆಯ ಅಂಚನ್ನು ಜಪಸರದ ಮಣಿ ಎಣಿಸಿದ ಹಾಗೆ ಬೆರಳಲ್ಲಿ ಜರುಗಿಸುತ್ತಾ ಹೇಳುತ್ತಾರೆ. ಸಾವಿರಾರು ಸಲ ಹೇಳಿದ ಈ ಪ್ರಾರ್ಥನೆಯಲ್ಲಿ ಇರುವುದು ಎರಡೇ ಹೊತ್ತು: ಈಗ, ಮತ್ತೆ ನಮ್ಮ ಮರಣದ ಗಳಿಗೆ. ನಡುವಿನ ಡೆಡ್‌ಲೈನು, ಮೀಟಿಂಗು, ನಾಳೆ, ನಾಡಿದ್ದು ಯಾವುದೂ ಅದರಲ್ಲಿಲ್ಲ. ಗಡಿಯಾರ ಓದಲಾಗದ ಅತ್ತೆಗೆ ಈ ಎರಡು ಹೊತ್ತು ಮಾತ್ರ ಇನ್ನೂ ಸರಿಯಾಗಿ ತಿಳಿಯುತ್ತದೆ.

ಇದನ್ನು ಸಕ್ಕರೆ ಹಾಕಿ ಹೇಳುತ್ತಿಲ್ಲ. ಕೆಲವು ದಿನ ಅವರು ಇಪ್ಪತ್ತು ಸಲ ಕೇಳುತ್ತಾರೆ. ನಾನು ಇಪ್ಪತ್ತು ಸಲ ನಿಂತಿಲ್ಲ. ಎಷ್ಟೋ ಸಲ ಬಾಗಿಲಿಂದಲೇ "ಹನ್ನೊಂದು" ಅಂತ ಎಸೆದು ಬಂದಿದ್ದೇನೆ. ಒಂದು ಸಲ ಮೈಕ್ ಮ್ಯೂಟ್ ಮಾಡಲು ಮರೆತು ಇಡೀ ಟೀಮಿಗೆ ನಮೋ ಮರಿಯಾ ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಮಾತ್ರ ಆಮೇಲೆ ಮೆಸೇಜ್ ಮಾಡಿ ತಮ್ಮ ಅಮ್ಮನ ಬಗ್ಗೆ ಬರೆದರು.

ಬೆಳಗಿನ ಮೌನ ಬೇಡ ಅಂತಲೂ ಅಲ್ಲ. ಯೇಸುವೇ ನಸುಕಿನಲ್ಲಿ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಅಂತ ಮಾರ್ಕ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಮುಂದಿನ ಸಾಲಿನಲ್ಲೇ ಶಿಷ್ಯ ಸಿಮೋನ ಹುಡುಕಿಕೊಂಡು ಬರುತ್ತಾನೆ: ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ! ಓದಿ ನಗು ಬಂತು. ಅವರಿಗೂ ಅರ್ಧ ಗಂಟೆ ಪೂರ್ತಿ ಸಿಕ್ಕಿತೋ ಇಲ್ಲವೋ.

ಪವಿತ್ರ ವಾರ ಬಂತು. ಗುರುವಾರ ಸಂಜೆಯ ಪೂಜೆಯಲ್ಲಿ ಮಹಿಮಾಗೀತೆಗೆ ಗಂಟೆ ಬಾರಿಸಿದ ಮೇಲೆ, ಶನಿವಾರ ರಾತ್ರಿಯ ಜಾಗರಣೆಯವರೆಗೆ ಚರ್ಚಿನಲ್ಲಿ ಗಂಟೆ ಹೊಡೆಯುವುದಿಲ್ಲ. ನಮ್ಮ ಮನೆಯ ಗಂಟೆಗೆ ಆ ನಿಯಮ ಇಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಅತ್ತೆ ಕೇಳಿದಾಗ ಸರಿಯಾಗಿ ಮೂರು, ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟ ಹೊತ್ತು. ಹೇಳಿದೆ. "ಓ, ಅಷ್ಟಾಯ್ತಾ" ಅನ್ನಲಿಲ್ಲ. ಸುಮ್ಮನೆ ಬಲಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡರು, ಎದೆಗೆ ಮುಟ್ಟಿಸಿಕೊಂಡರು. ಭುಜದವರೆಗೆ ಕೈ ಏರಲಿಲ್ಲ. ನಾನು ಹಿಡಿದು ಏರಿಸಿದೆ.

ಶನಿವಾರ ರಾತ್ರಿ ಗಂಡ, ಮಗ ಜಾಗರಣೆಗೆ ಹೋದರು. ನಾನು ಅತ್ತೆಯ ಜೊತೆ ಉಳಿದೆ. ಹೊಸ ಬೆಂಕಿಯಿಂದ ಪಾಸ್ಖ ದೀಪ ಹಚ್ಚುವುದನ್ನು ನೋಡದ ಮೊದಲ ಈಸ್ಟರ್ ಅದು. ಆ ದೊಡ್ಡ ಮೇಣದಬತ್ತಿಯ ಮೇಲೆ ಗುರುಗಳು ಶಿಲುಬೆ ಕೊರೆಯುತ್ತಾರೆ, ಮೇಲೆ ಆಲ್ಫಾ, ಕೆಳಗೆ ಒಮೆಗಾ, ಶಿಲುಬೆಯ ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ. ಕಾಲವೆಲ್ಲ ಯೇಸುವಿನದೇ ಅನ್ನುವ ಪ್ರಾರ್ಥನೆ ಆಗಲೇ ಹೇಳುವುದು. ತಡರಾತ್ರಿ ಮಗ ತನ್ನ ಪುಟ್ಟ ಬತ್ತಿಯ ತುಂಡು ತಂದು ನನ್ನ ಕೈಗಿಟ್ಟ. ಸುತ್ತಿದ್ದ ಕಾಗದಕ್ಕೆ ಮೇಣ ಹನಿಹನಿಯಾಗಿ ಅಂಟಿತ್ತು.

ಅದನ್ನು ಅತ್ತೆಯ ಗಡಿಯಾರದ ಕೆಳಗೆ ಇಟ್ಟು ಮಲಗಿದೆ. ಇನ್ನೂ ಕತ್ತಲೆ ಇರುವಾಗ ಕರೆದರು.

"ಗಂಟೆ ಎಷ್ಟಾಯ್ತಮ್ಮ?"

"ನಾಲ್ಕೂವರೆ ಅತ್ತೆ."

ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಎದ್ದಿರ್ತಾನೆ" ಅಂದರು.

ಒಳಗೆ ಗಂಡ ಗೊರಕೆ ಹೊಡೆಯುತ್ತಿದ್ದರು. "ಹೂಂ ಅತ್ತೆ, ಎದ್ದ" ಅಂದೆ.

"ನಂಗೆ ಹಸಿವು" ಅಂದರು. ಲೈಟ್ ಹಾಕಿ ಅಡುಗೆಮನೆಗೆ ಹೋದೆ.