ಸಾಯದೆ ಉಳಿದ ಜಿಗಿಹುಳು

ಕಳೆದ ವರ್ಷದ ಏಣೇಲು, ಅಂದರೆ ಮಳೆಗಾಲದ ಭತ್ತದ ಬೆಳೆಯಲ್ಲಿ, ತೆನೆ ಹಾಲುಗಟ್ಟುವ ಹೊತ್ತಿಗೆ, ಕಾಸರಗೋಡಿನ ಕುಂಬಳೆ ಸೀಮೆಯ ನಮ್ಮ ಗದ್ದೆಯ ನಡುವೆ ಒಂದು ಚಾಪೆ ಹಾಸುವಷ್ಟು ಅಗಲಕ್ಕೆ ಪೈರು ಬೆಂಕಿ ತಾಗಿದಂತೆ ಒಣಗಿ ನಿಂತಿತ್ತು. ಬಗ್ಗಿ ಬುಡ ಸರಿಸಿ ನೋಡಿದರೆ, ನೀರಿನಿಂದ ನಾಲ್ಕು ಬೆರಳು ಮೇಲೆ ಎಳ್ಳುಕಾಳಿನಷ್ಟಿನ ಕಂದು ಜಿಗಿಹುಳುಗಳು ಒತ್ತೊತ್ತಾಗಿ ಕುಳಿತು ರಸ ಹೀರುತ್ತಿದ್ದವು. ಅಂಗೈಯಿಂದ ತಟ್ಟಿದಾಗ ಕೆಲವು ನೀರಿಗೆ ಬಿದ್ದು, ನೀರಿನ ಮೇಲೆಯೇ ಜಿಗಿದು ಪಕ್ಕದ ಬುಡ ಹತ್ತಿದವು. ಅದೇ ಗದ್ದೆಗೆ ಹದಿನೈದು ದಿನಗಳ ಹಿಂದೆಯಷ್ಟೇ ಮದ್ದು ಬಿಟ್ಟಿದ್ದೆವು.

"ಹುಳು ಮದ್ದಿಗೆ ಒಗ್ಗಿಹೋಗಿದೆ, ಪ್ರಮಾಣ ಹೆಚ್ಚಿಸಿ" ಎಂಬ ಸಲಹೆ ಕೂಡಲೇ ಬಂತು. ಆ ಮಾತಿನ ಮೊದಲರ್ಧದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ.

ಸಿಂಪಡಿಸಿದ ಮದ್ದು ಎಲ್ಲ ಹುಳುಗಳಿಗೂ ಸಮನಾಗಿ ತಾಗುವುದಿಲ್ಲ. ಹೆಚ್ಚಿನದನ್ನು ಮೇಲಿನ ಎಲೆಗಳೇ ತಡೆಯುತ್ತವೆ, ಕಾಂಡವನ್ನು ಸುತ್ತಿದ ಎಲೆಕವಚದ ಒಳಗಿರುವ ಮೊಟ್ಟೆಗಳಿಗೆ ಅದು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಕೊಲ್ಲುವಷ್ಟು ವಿಷ ಸಿಗದ ಹುಳುವಿನ ದೇಹದಲ್ಲಿ, ವಿಷವನ್ನು ಒಡೆದು ಹೊರಹಾಕುವ ಕಿಣ್ವಗಳ ಜೀನ್‌ಗಳು ಕೆಲವೇ ಗಂಟೆಗಳಲ್ಲಿ ಚುರುಕಾಗಬಹುದು. ಇದು ಆ ಹುಳುವಿನ ಮಟ್ಟಿಗಿನ, ತಾತ್ಕಾಲಿಕವಾದ ಬದಲಾವಣೆ. ನಿಜವಾದ ಒಗ್ಗುವಿಕೆ ಇದಲ್ಲ. ಹುಟ್ಟುವಾಗಲೇ ಇಂಥ ಜೀನ್ ಹೆಚ್ಚು ದುಡಿಯುವ ಹುಳುಗಳು ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ಇರುತ್ತವೆ. ಮದ್ದು ಉಳಿದವನ್ನು ಕೊಂದು ಇವುಗಳ ಸಂತಾನಕ್ಕೆ ಗದ್ದೆಯನ್ನು ತೆರವು ಮಾಡಿಕೊಡುತ್ತದೆ. ಒಂದು ತಲೆಮಾರು ಸುಮಾರು ಒಂದು ತಿಂಗಳೊಳಗೆ ಮುಗಿಯುವುದರಿಂದ ಇದಕ್ಕೆ ಬಹಳ ವರ್ಷಗಳು ಬೇಕಿಲ್ಲ.

ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಕಥೆ ಇದೇ. ಹುಳುವಿನ ನರಗಳಲ್ಲಿ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದು ಕೂರುವ ತಾಣವನ್ನು ಹಿಡಿದುಕೊಂಡು ಕೊಲ್ಲುವ ಈ ಮದ್ದಿಗೆ, 2000ದ ದಶಕದಲ್ಲೇ ಏಷ್ಯಾದ ಭತ್ತದ ನಾಡುಗಳಲ್ಲಿ ಜಿಗಿಹುಳು ಬಗ್ಗದಾಯಿತು. ಇಂಥ ಹುಳುಗಳಲ್ಲಿ, ವಿಷ ಒಡೆಯುವ ಕಿಣ್ವವೊಂದರ ಸಿವೈಪಿ6ಇಆರ್1 ಎಂಬ ಜೀನ್ ಹಲವು ಪಟ್ಟು ಹೆಚ್ಚು ಚಟುವಟಿಕೆಯಲ್ಲಿರುವುದು ಕಂಡುಬಂದಿದೆ. ಪ್ರಯೋಗಾಲಯದಲ್ಲಿ ಆ ಜೀನನ್ನು ಅಡಗಿಸಿದಾಗ ಹುಳು ಮತ್ತೆ ಅದೇ ಮದ್ದಿಗೆ ಸುಲಭವಾಗಿ ಬಲಿಯಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಡೆಲ್ಟಾಮೆಥ್ರಿನ್, ಟ್ರಯಜೋಫಾಸ್‌ನಂಥ ಕೆಲವು ಮದ್ದುಗಳು ಕೊಲ್ಲದ ಪ್ರಮಾಣದಲ್ಲಿ ತಾಗಿದಾಗ ಹೆಣ್ಣು ಜಿಗಿಹುಳು ಹೆಚ್ಚು ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಬೇಕಾದ ವೈಟೆಲ್ಲೊಜೆನಿನ್ ಎಂಬ ಪ್ರೋಟೀನಿನ ಜೀನ್ ಆಗ ಚುರುಕಾಗುವುದನ್ನು ಗುರುತಿಸಲಾಗಿದೆ. ಜೊತೆಗೆ ಜಿಗಿಹುಳುವನ್ನು ಹಿಡಿದು ತಿನ್ನುವ ಜೇಡ, ಅದರ ಮೊಟ್ಟೆಗಳನ್ನು ಹೀರುವ ಮಿರಿಡ್ ತಿಗಣೆ ಅದೇ ಮದ್ದಿಗೆ ಸಾಯುತ್ತವೆ. ಸಿಂಪಡಿಸಿದ ಮೇಲೆ ಹುಳು ಮೊದಲಿಗಿಂತ ಹೆಚ್ಚಾಗುವುದಕ್ಕೆ ಇವೆರಡೂ ಕಾರಣಗಳು.

ಗೇರುತೋಟಗಳ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟವನ್ನು ಕೊಲ್ಲಲು ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಆ ಸಿಂಪಡಣೆಯಿಂದ ನರಳಿದ ಎಣ್ಮಕಜೆ ಊರಿನ ಮಕ್ಕಳನ್ನು ಕಂಡವರು ಕೀಟನಾಶಕವೆಂದರೆ ಮೊದಲು ಮನುಷ್ಯನ ದೇಹವನ್ನು ನೆನೆಯುತ್ತಾರೆ, ಅದು ನ್ಯಾಯವೇ. ಆದರೆ ಉಳಿದ ಹುಳುವಿನ ದೇಹದಲ್ಲಿ ಏನಾಯಿತೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ.

ಪ್ರಮಾಣ ಹೆಚ್ಚಿಸಲಿಲ್ಲ. ಕೆಲವು ದಿನ ಗದ್ದೆಯ ನೀರು ಬಸಿದು ಬುಡಕ್ಕೆ ಗಾಳಿ ಬಿಟ್ಟೆವು, ಯೂರಿಯಾ ನಿಲ್ಲಿಸಿದೆವು. ಈ ವರ್ಷ ವಾರಕ್ಕೊಮ್ಮೆ ಇಪ್ಪತ್ತು ಬುಡಗಳನ್ನು ತಟ್ಟಿ ಜಿಗಿಹುಳುಗಳನ್ನು ಎಣಿಸಿ ಬರೆದಿಡುತ್ತಿದ್ದೇನೆ, ಪಕ್ಕದ ಸಾಲಿನಲ್ಲಿ ಜೇಡಗಳ ಲೆಕ್ಕವನ್ನೂ.