ಕೆಮ್ಮೇ ಇಲ್ಲದ ಟಿಬಿ

ದಾವಣಗೆರೆ, 17 ಜೂನ್ 2025, ಮಂಗಳವಾರ

ಮಧ್ಯಾಹ್ನ ಸವಿತಾ ಜಗಳೂರಿನಿಂದ ಬಂದಳು. ಫೈಲನ್ನು ನನ್ನ ಕೈಗಿಟ್ಟು ಅಡುಗೆಮನೆ ಬಾಗಿಲು ಮುಂದಕ್ಕೆಳೆದಳು.

"ಅಕ್ಕಾ, ನಂಗೆ ಕೆಮ್ಮಿಲ್ಲ, ಜ್ವರ ಇಲ್ಲ. ಟಿಬಿ ಹೆಂಗ್ ಬರ್ತತಿ?"

ಗರ್ಭಕೋಶದ ಒಳಪದರದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಟಿಬಿ ಅಂತ ಬಂದಿದೆ. ಎದೆಯ ಎಕ್ಸ್‌ರೇ ಚೆನ್ನಾಗಿಯೇ ಇದೆ. ಎರಡು ವರ್ಷದಿಂದ ಮುಟ್ಟು ಕಡಿಮೆಯಾಗುತ್ತಾ ಬಂದಿತ್ತು, ಇತ್ತೀಚೆಗೆ ಒಂದು ದಿನ ಕಂಡರೆ ಜಾಸ್ತಿ. ಮನೆಯಲ್ಲಿ ಎಲ್ಲರೂ ರಕ್ತ ಕಮ್ಮಿ ಅಂದುಕೊಂಡು ಬೀಟ್‌ರೂಟ್ ತಿನ್ನಿಸಿದ್ದೇ ತಿನ್ನಿಸಿದ್ದು.

ಟಿಬಿ ವಾರ್ಡಿನಲ್ಲಿ ಕೆಲಸ ಮಾಡುವವಳು ನಾನು, ಆದರೂ ಮನೆಯವಳಿಗೇ ಹೇಳುವಾಗ ಬಾಯಿ ಒಣಗಿತು. ರೋಗಾಣು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ, ಅಲ್ಲಿ ಎಷ್ಟೋ ವರ್ಷ ಸುಮ್ನೆ ಇರುತ್ತೆ, ರಕ್ತದಲ್ಲಿ ಸೇರಿ ಗರ್ಭನಾಳಕ್ಕೂ ಇಳಿಯುತ್ತೆ ಅಂದೆ. ಜನನಾಂಗದ ಟಿಬಿ ಬಂದ ಹೆಚ್ಚುಕಡಿಮೆ ಎಲ್ಲ ಹೆಂಗಸರಲ್ಲೂ ನಾಳಕ್ಕೇ ಪೆಟ್ಟು. ಒಳಪದರ ಕೆಡುವುದು ಅರ್ಧಕ್ಕಿಂತ ಹೆಚ್ಚು ಜನರಲ್ಲಿ. ಅವಳು ಶಾಲೆಗೆ ಹೋಗುವಾಗ ಚಿಕ್ಕಪ್ಪನಿಗೆ ಟಿಬಿ ಇತ್ತು. ಆ ಮಾತು ನನಗೂ ನೆನಪಾಯಿತು, ಅವಳಿಗೂ ಆಯಿತು ಅಂತ ಕಾಣುತ್ತೆ. ಇಬ್ಬರೂ ಎತ್ತಲಿಲ್ಲ. ಅಲ್ಲಿಂದಲೇ ಬಂತು ಅಂತ ಯಾರು ಹೇಳೋಕಾಗುತ್ತೆ?

ಮಾತ್ರೆ 6 ತಿಂಗಳು. ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು. ಸರ್ಕಾರದಿಂದ ಪುಕ್ಕಟೆ, ಜೊತೆಗೆ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಹೆದರಬೇಡ ಅಂದೆ. ಅವಳು ಅದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ.

"ಸ್ಟ್ರಿಪ್ ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ಹಾಕ್ಕೊಂಡ್ರೆ ನಡೀತತಾ?"

ಹೊಟ್ಟೆ ಉರಿಯಿತು. ಹೋದ ತಿಂಗಳು ಓರಗಿತ್ತಿಯ ಕುಬಸದಲ್ಲಿ ಉಡಿ ತುಂಬಲು ಇವಳನ್ನು ಕರೆಯಲಿಲ್ಲ. ಮಗು ಆಗಲಿಲ್ಲ ಅಂತ ಇಷ್ಟು ವರ್ಷ ಗುಡಿ ಸುತ್ತಿಸಿದರು, ಹರಕೆ ಹೊರಿಸಿದರು. ಗಂಡನಿಗೆ ಒಂದು ಪರೀಕ್ಷೆ ಮಾಡಿಸಿ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಈಗ ಮಾತ್ರೆಯನ್ನೂ ಕದ್ದು ನುಂಗಬೇಕಾ? ಕದ್ದು ನುಂಗುವವರು ನೆಂಟರು ಬಂದಾಗ, ಜಾತ್ರೆಗೆ ಹೋದಾಗ ಬಿಟ್ಟುಬಿಡುತ್ತಾರೆ. ದಿನಾ ನೋಡುತ್ತೇನೆ.

ಮಿರ್ಚಿ ಮಂಡಕ್ಕಿ ತಂದೆ. ಎರಡು ಮಿರ್ಚಿ ತಿಂದಳು, ಖಾರಕ್ಕೆ ಮೂಗು ಒರೆಸಿಕೊಂಡು ನಕ್ಕಳು. ಎಷ್ಟು ದಿನ ಆಗಿತ್ತು ಈ ನಗು ನೋಡಿ.

ಆಮೇಲೆ ಕೇಳಿದಳು. "ಮಾತ್ರೆ ಮುಗುದ್ರೆ ಮಗು ಆಗ್ತತಾ ಅಕ್ಕಾ?"

ಆಗುತ್ತೆ ಅಂದುಬಿಡಬಹುದಿತ್ತು. ಮಾತ್ರೆ ರೋಗಾಣುವನ್ನು ಸಾಯಿಸುತ್ತೆ, ಅದು ಮಾಡಿಟ್ಟ ಗಾಯದ ಕಲೆಯನ್ನಲ್ಲ. ಬೇಗ ಗೊತ್ತಾದವರಲ್ಲಿ ಕೆಲವರು ತಾವಾಗೇ ಬಸುರಿಯಾಗುತ್ತಾರೆ. ನಾಳ ಮುಚ್ಚಿದ್ದರೂ ಒಳಪದರ ಚೆನ್ನಾಗಿದ್ದರೆ ಐವಿಎಫ್, ಅಂದರೆ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ದಾರಿ ಇದೆ. ಒಳಪದರವೇ ಅಂಟಿಕೊಂಡಿದ್ದರೆ ಅದೂ ಕಷ್ಟ. ಬಸಿರು ನಿಂತರೂ ನಾಳದಲ್ಲೇ ನಿಲ್ಲುವ ಭಯ ಇರುತ್ತೆ, ಹಾಗಾಗಿ ಮುಟ್ಟು ನಿಂತ ಕೂಡಲೇ ಸ್ಕ್ಯಾನಿಂಗ್ ಮಾಡಿಸಬೇಕು. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಫೈಲಿನ ದಾರ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಿದಳು.

ನಾಳೆ ಅವಳ ಜೊತೆ ಜಗಳೂರಿಗೆ ಹೋಗುತ್ತೇನೆ. ಅವಳ ಅತ್ತೆ ಕೆಟ್ಟವರಲ್ಲ, ಕೂರಿಸಿ ಹೇಳಿದರೆ ಕೇಳುತ್ತಾರೆ. ತಟ್ಟೆ ಲೋಟ ಬೇರೆ ಇಡೋದು ಬೇಡ, ಎದೆಯಲ್ಲಿಲ್ಲ, ಯಾರಿಗೂ ಅಂಟಲ್ಲ ಅಂತ ಮೊದಲು ಶುರು ಮಾಡಲಾ? ಇಲ್ಲ, ಅವರ ಮಗನನ್ನೂ ಕರೆದು ಕೂರಿಸಿಕೊಂಡೇ ಶುರು ಮಾಡಬೇಕು.