ಟ್ಯಾಂಕ್ ಪಕ್ಕದ ಟೇಬಲ್

ಕಳೆದ ವಾರ ಮಕ್ಕಳಿಬ್ಬರನ್ನೂ ಅಕ್ವೇರಿಯಂ ಇರುವ ಒಂದು ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋಗಿದ್ದೆ. ಒಂದಿಡೀ ಗೋಡೆಯೇ ನೀರು. ಚಿಕ್ಕವಳು ತಟ್ಟೆ ಕಡೆ ತಿರುಗಿಯೂ ನೋಡಲಿಲ್ಲ, ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟಳು. ಒಂದು ತೊರಕೆ ಮೀನು ಬಿಳಿ ಹೊಟ್ಟೆ ತೋರಿಸಿಕೊಂಡು ಗಾಜಿನುದ್ದಕ್ಕೂ ಮೇಲೇರಿದಾಗ, "ಅಮ್ಮಾ, ಅದು ನನ್ನನ್ನ ನೋಡಿ ನಗ್ತಿದೆ!" ಅಂತ ಕೂಗಿದಳು. ಹೌದು, ನೋಡಿದರೆ ನಗುವ ಮುಖವೇ. ಆದರೆ ಕಣ್ಣು ಅಂತ ನಾವು ಅಂದುಕೊಳ್ಳುವ ಆ ಎರಡು ತೂತು ಅದರ ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣು ಬೆನ್ನಿನ ಕಡೆ ಇರುತ್ತದೆ. ಹೇಳಿದರೆ ಅವಳು ನಂಬಲೇ ಇಲ್ಲ.

ಇಂಥ ಜಾಗಗಳು ನನಗೆ ತುಂಬಾ ಇಷ್ಟ. ಮಕ್ಕಳು ಓಡಾಡಬಹುದು, ದೊಡ್ಡವರು ಸುಮ್ನೆ ಕೂತು ನೋಡಬಹುದು. ಆದರೆ ಆವತ್ತು ಒಂದು ವಿಷಯಕ್ಕೆ ಬೇಜಾರಾಯಿತು. ದೊಡ್ಡ ಸ್ಪೀಕರ್ ಒಂದನ್ನು ಟ್ಯಾಂಕಿಗೇ ಒರಗಿಸಿ ಇಟ್ಟಿದ್ದರು. ಹಾಡು ಶುರುವಾದರೆ ಗಾಜಿನ ಮೇಲಿಟ್ಟ ಕೈಗೆ ನಡುಕ ತಿಳಿಯುತ್ತಿತ್ತು. ಮೀನುಗಳ ಮೈಯ ಎರಡೂ ಬದಿಯಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ಒಂದು ಸಾಲು ಇರುತ್ತದೆ, ಪಕ್ಕದ ಮೀನು ತಿರುಗಿದ್ದೂ ಅವಕ್ಕೆ ಹಾಗೇ ಗೊತ್ತಾಗುವುದು, ಹಾಗಿರುವಾಗ ಅಷ್ಟು ಸದ್ದು ದಿನವಿಡೀ ಅಂದರೆ ಹೇಗೆ ಅಲ್ವಾ? ಮಕ್ಕಳು ಗಾಜು ಬಡಿಯುವಾಗ ಬೇಡ ಅನ್ನುವುದೂ ಇದಕ್ಕೇ. ಅಲ್ಲಿನ ಹುಡುಗನಿಗೆ ಹೇಳಿದೆ, ಅವನು ತಕ್ಷಣ ಸದ್ದು ತಗ್ಗಿಸಿದ. ಸ್ಪೀಕರ್ ಮಾತ್ರ ಅಲ್ಲೇ ಇತ್ತು.

ಬೆಳಕಿನದೂ ಹಾಗೇ. ಹೆಚ್ಚಿನ ಮೀನುಗಳಿಗೆ ಕಣ್ಣಿನ ರೆಪ್ಪೆಯೇ ಇಲ್ಲ, ಮುಚ್ಚಿಕೊಳ್ಳೋಣ ಅಂದರೂ ಆಗದು. ಹಾಗಾಗಿ ರಾತ್ರಿ ಕತ್ತಲೆ ಬೇಕೇ ಬೇಕು, ಮತ್ತೆ ದಯವಿಟ್ಟು ಫ್ಲ್ಯಾಶ್ ಹಾಕಬೇಡಿ. ಫ್ಲ್ಯಾಶ್ ಹಾಕಿದರೆ ಫೋಟೋದಲ್ಲಿ ಬರುವುದೂ ಗಾಜಿನ ಮೇಲಿನ ಹೊಳಪು ಮಾತ್ರ.

ಶಾರ್ಕ್ ಹತ್ತಿರ ಬಂದಾಗ ದೊಡ್ಡ ಮಗ ಹಿಂದೆ ಸರಿದ. ನೀರಿನಲ್ಲಿರುವುದು ಹೊರಗಿನಿಂದ ನೋಡುವವರಿಗೆ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, 4 ಅಡಿ ಆಚೆ ಇದ್ದದ್ದು 3 ಅಡಿಯಲ್ಲೇ ಇದ್ದ ಹಾಗೆ. ಅದನ್ನು ಹೇಳಿದ ಮೇಲೂ ಅವನ ಪ್ರಶ್ನೆ ಬೇರೆಯೇ: "ಇದು ಒಡೆದುಹೋದರೆ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಹೋಟೆಲ್ ಒಂದರಲ್ಲಿದ್ದ ಅಕ್ವಾಡೋಮ್ ಅನ್ನುವ ಟ್ಯಾಂಕ್ ಒಡೆದು ಸುಮಾರು 10 ಲಕ್ಷ ಲೀಟರ್ ನೀರು ಹೊರಗೆ ನುಗ್ಗಿತ್ತು. ಬೆಳಗಿನ ಜಾವ ಆದ್ದರಿಂದ ಅಲ್ಲಿ ಹೆಚ್ಚು ಜನ ಇರಲಿಲ್ಲ, ಇಬ್ಬರಿಗೆ ಗಾಯವಾಯಿತು, ಆದರೆ ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಂಥದ್ದು ತೀರಾ ಅಪರೂಪ ಅಂತಲೂ ಅವನಿಗೆ ಹೇಳಿದೆ. ದೊಡ್ಡ ಟ್ಯಾಂಕುಗಳಲ್ಲಿ ನಾವು ಗಾಜು ಅನ್ನುವುದು ಬಹುತೇಕ ಅಕ್ರಿಲಿಕ್ ಅನ್ನುವ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್. ಜಪಾನಿನ ಒಕಿನಾವಾದಲ್ಲಿ ತಿಮಿಂಗಿಲ ಶಾರ್ಕ್ ಇಟ್ಟಿರುವ ಟ್ಯಾಂಕಿನ ಅಕ್ರಿಲಿಕ್ ಸುಮಾರು 60 ಸೆಂಟಿಮೀಟರ್ ದಪ್ಪ ಇದೆ! ಮಗ ಕೈ ಅಗಲಿಸಿ ಅಳತೆ ತೋರಿಸಿಕೊಂಡ, ಆಮೇಲೆ ಮತ್ತೆ ಗಾಜಿನ ಹತ್ತಿರ ಹೋದ.

ನೀವು ಹೋಗುವುದಾದರೆ ಮೀನಿಗೆ ಆಹಾರ ಹಾಕುವ ಹೊತ್ತು ಮೊದಲೇ ಕೇಳಿಕೊಳ್ಳಿ. ಜನ ಕಡಿಮೆ ಇರುವಾಗ ಹೋದರೆ ಮಕ್ಕಳಿಗೆ ನೋಡಲು ಜಾಸ್ತಿ ಸಮಯ ಸಿಗುತ್ತದೆ. ನಾವು ಮುಂದಿನ ಸಲ ಬಾಗಿಲು ತೆರೆದ ಕೂಡಲೇ ಹೋಗುವುದು ಅಂತ ಮಾತಾಡಿಕೊಂಡಿದ್ದೇವೆ. ಚಿಕ್ಕವಳಿಗೆ ತೊರಕೆಯ ನಿಜವಾದ ಕಣ್ಣು ನೋಡಲೇಬೇಕಂತೆ.